ಚಿತ್ರದಲ್ಲಿ ಎಲ್ಲರ ತಾತಂದಿರು

ಅವತ್ತಿನ ರಾದ್ಧಾಂತಕ್ಕೆಲ್ಲ ಮೂಲ ಒಂದು ಫ್ಯಾನು.

ಬೆಳಿಗ್ಗೆ ಬೀದಿಯ ಆ ಬದಿಯ ಅಂಗಡಿಗಳಲ್ಲಿ ಕರೆಂಟು ಹೋಯಿತು. ಈ ಬದಿಯ ಚಿತ್ರಶಾಲೆಯಲ್ಲಿ ಹೋಗಲಿಲ್ಲ. ಎದುರಂಗಡಿಯ ದರ್ಜಿ ಒಂದಿಷ್ಟು ಹೊತ್ತು ರಟ್ಟಿನ ತುಂಡಿನಿಂದ ಗಾಳಿ ಬೀಸಿಕೊಂಡ. ಆಮೇಲೆ ಕೊರಳಿನ ಅಳತೆಪಟ್ಟಿಯನ್ನೂ ತೆಗೆಯದೆ ರಸ್ತೆ ದಾಟಿ ಬಂದು, ಚಿತ್ರಶಾಲೆಯ ಫ್ಯಾನಿನ ಕೆಳಗಿನ ಬೆಂಚಿನ ಮೇಲೆ ಕಾಲು ಚಾಚಿ ಕೂತ. ಅಂಗಡಿ ಇಟ್ಟಾಗಿನಿಂದ ಅವನು ಆ ಬಾಗಿಲು ದಾಟಿದ್ದು ಅದೇ ಮೊದಲು.

ಕೂತು, ಮೈ ತಣ್ಣಗಾಗಿ, ಎದ್ದು ಹೋಗಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಆದರೆ ಬೆಂಚಿನ ಎದುರಿಗೆ ಒಂದು ಚಿತ್ರವಿತ್ತು, ಚಿತ್ರದ ಪಕ್ಕದಲ್ಲಿ ಅಂದ್ರೇನಪ್ಪ ನಿಂತಿದ್ದ.

ಅಂದ್ರೇನಪ್ಪ ಅಲ್ಲಿಯ ವಿವರಣೆಗಾರ. ಬಂದವರಿಗೆ ಚಿತ್ರಗಳ ಅರ್ಥ ಬಿಡಿಸಿ ಹೇಳುವುದು ಅವನ ಕೆಲಸ. ಬಾಯಿ ತೆಗೆದರೆ "ಅಂದ್ರೆ ಏನಪ್ಪಾ ಅಂದ್ರೆ" ಎಂದೇ ಶುರುಮಾಡುವುದರಿಂದ ಊರು ಅವನಿಗೆ ಈ ಹೆಸರು ಕೊಟ್ಟಿತ್ತು. ನಿಜವಾದ ಹೆಸರು ಸಂಬಳದ ಕಾಗದಕ್ಕೆ ಬಿಟ್ಟರೆ ಇನ್ಯಾರಿಗೂ ನೆನಪಿರಲಿಲ್ಲ. ಹೆಂಡತಿಯ ತವರು ಇದೇ ಊರಾದ್ದರಿಂದ ಅಳಿಯನಾಗಿ ಬಂದು ನೆಲೆ ನಿಂತವನು. ಅವನಪ್ಪ ಪದ್ಯ ಹಾಡುವವರ ಪಕ್ಕದಲ್ಲಿ ಕೂತು ಅರ್ಥ ಹೇಳುತ್ತಿದ್ದವರು. "ನೋಡು ಮಗಾ, ಗೊತ್ತಿಲ್ಲ ಅನ್ನೋ ಮಾತನ್ನ ಮಂದಿ ಮುಂದೆ ಆಡಬಾರದು. ಮೊದಲು ಪದ ಬಿಡಿಸು, ಆಮೇಲೆ ಸಂದರ್ಭ ಹೇಳು, ಅಷ್ಟರಲ್ಲಿ ಕೇಳೋರಿಗೆ ಅವರವರ ಮನೆ ನೆನಪಾಗಿರುತ್ತೆ. ಅದೇ ಅರ್ಥ," ಎನ್ನುತ್ತಿದ್ದರು. ಮಗ ಆ ಪಾಠವನ್ನು ಚಿತ್ರಗಳಿಗೆ ತಂದಿದ್ದ. ಆದರೆ ಪದ್ಯ ಕೇಳುವುದಕ್ಕೆ ಜನ ಸೇರುತ್ತಿದ್ದರು. ಇಲ್ಲಿ ಅವನ ಅರ್ಥ ಕೇಳುತ್ತಿದ್ದದ್ದು ಬಾಗಿಲ ಬಳಿಯ ಸ್ಟೂಲಿನ ಮೇಲೆ ತೂಕಡಿಸುವ ಕಾವಲುಗಾರ ಒಬ್ಬನೇ.

ಅದೇ ಈಗ ಕುತ್ತಿಗೆಗೆ ಬಂದಿತ್ತು. ಜನ ಕಾಲಿಡದ ಜಾಗ ಯಾಕೆ, ಚಿತ್ರಶಾಲೆಯ ಹಾಲನ್ನು ನೀರಿನ ಪೈಪು ತುಂಬಿಡುವುದಕ್ಕೆ ಕೊಡೋಣ ಎಂದು ಪುರಸಭೆಯಲ್ಲಿ ಮಾತೆದ್ದಿತ್ತು. ಇವತ್ತು ಮಧ್ಯಾಹ್ನ ಅಧ್ಯಕ್ಷರೇ ಬಂದು ನೋಡುವವರಿದ್ದರು. ಜನ ಕಂಡರೆ ಚಿತ್ರಶಾಲೆ ಉಳಿಯುತ್ತದೆ, ಅಂದ್ರೇನಪ್ಪನ ಹಂಗಾಮಿ ಕೆಲಸ ಕಾಯಂ ಆಗುತ್ತದೆ. ಕಾಣದಿದ್ದರೆ ಪೈಪು. ಹೆಂಡತಿಯಂತೂ ಕಾಯಂ ಆಗಿಯೇ ಹೋಯಿತೆಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು. ಹಾಗಾಗಿ ಸೋತು ಮನೆಗೆ ಹೋಗುವ ದಾರಿಯೂ ಮುಚ್ಚಿಹೋಗಿತ್ತು.

ದರ್ಜಿ ಎದುರಿನ ಚಿತ್ರವನ್ನು ನೋಡಿ ಬಾಯಿ ತುಂಬ ಆಕಳಿಸಿದ. "ಏನ್ರೀ ಇದು, ಕುಂಚ ತೊಳೆದ ನೀರು ಕಾಗದದ ಮೇಲೆ ಚೆಲ್ಲಿಹೋಯ್ತಾ?"

ಅಂದ್ರೇನಪ್ಪನಿಗೆ ತನ್ನ ಮಗುವಿನ ಮೂಗು ಸೊಟ್ಟ ಅಂದಷ್ಟು ನೋವಾಯಿತು. ಇಡೀ ಹಾಲಿನಲ್ಲಿ ಅವನ ಹೆಮ್ಮೆಯ ಚಿತ್ರ ಅದು. ದೊಡ್ಡ ಹಾಳೆಯ ಮೇಲೆ ಜಲವರ್ಣ. ಮೇಲೆ ಒದ್ದೆ ಬೂದು, ನಡುವೆ ಓರೆಯಾಗಿ ಬಿದ್ದ ದಪ್ಪ ಕಂದು ಪಟ್ಟೆ, ಅದರ ಕೆಳಗೆ ಒಂದರೊಳಗೊಂದು ಹರಿದು ಕಲೆತ ಕೆಂಪು, ಹಳದಿ, ಕಿತ್ತಳೆ, ಹಸಿರು ಬೊಟ್ಟುಗಳು, ಮೂಲೆಯಲ್ಲಿ ಒಂದು ಗುಡಾಣದಂಥ ಕಪ್ಪು ಮಚ್ಚೆ. ಮಿಕ್ಕದ್ದು ಬಿಳಿ. ಕೆಳಗೆ 'ಹೆಸರಿಲ್ಲ' ಎಂಬ ಹೆಸರು. ಬರೆದವರು ಊರಾಚೆ ಒಂಟಿಮನೆಯಲ್ಲಿರುವ ಮುದುಕಿ. ಎಲ್ಲರೂ ಬಣ್ಣದಮ್ಮ ಅನ್ನುತ್ತಾರೆ. ಅರ್ಥ ಕೇಳಲು ಅಂದ್ರೇನಪ್ಪ ಒಮ್ಮೆ ಅವರ ಮನೆಗೆ ಹೋಗಿದ್ದ. "ನಾನು ಬರೆದಾಯ್ತು, ನೋಡೋರು ನೋಡ್ಕೊಳ್ಳಲಿ," ಎಂದು ಬಾಗಿಲು ಹಾಕಿಕೊಂಡಿದ್ದರು. ಅವನು ಬಿಡಲಿಲ್ಲ. ಹಳೆಯ ಪತ್ರಿಕೆ, ಪಾಠಪುಸ್ತಕ ಎಲ್ಲ ಜಾಲಾಡಿ ವರ್ಷಗಟ್ಟಲೆ ಆ ಚಿತ್ರದ ಬೆನ್ನು ಹತ್ತಿದ್ದ.

"ಕುಂಚ ತೊಳೆದ ನೀರಲ್ಲ ಸ್ವಾಮೀ, ಇತಿಹಾಸ!" ಎಂದ. "ನಮ್ಮ ಸೇತುವೆ ಮೇಲೆ ಹಿಂದೆ ಸುಂಕದ ಕಟ್ಟೆ ಇತ್ತು ಗೊತ್ತಲ್ಲ? ತಲೆ ಮೇಲೆ ನೀರಿನ ಕೊಡ ಹೊತ್ತು ದಾಟಿದ್ರೂ ಸುಂಕ. ಒಂದು ದಿನ ಊರೇ ನುಗ್ಗಿ ದಾರಿಗೆ ಅಡ್ಡ ಹಾಕಿದ್ದ ದಿಮ್ಮಿ ಮುರಿದು ಹಾಕ್ತು. ಎಷ್ಟೋ ಕಾಲ ಆದಮೇಲೆ ಬೇರೆ ದೊರೆಗಳು ಬಂದ್ರು. ಅವರಿಗೆ ಆ ಸುದ್ದಿ ಅಂದ್ರೇ ಭಯ. ಪಾಠಪುಸ್ತಕದಿಂದ ಆ ಹಾಳೆ ಕಿತ್ತರು, ಅದರ ಚಿತ್ರ ಬರೆದವರನ್ನ ಹಿಡಿದು ಒಳಗೆ ಹಾಕಿದ್ರು. ಆಗ ಬಣ್ಣದಮ್ಮ ಏನು ಮಾಡಿದ್ರು? ಆಕಾರ ಬಿಟ್ಟರು, ಬಣ್ಣ ಮಾತ್ರ ಹಿಡಿದ್ರು. ಕಾಗದ ನೆನೆಸಿ ಬಣ್ಣಾನ ಅದರ ಪಾಡಿಗೆ ಹರಿಯೋಕೆ ಬಿಟ್ಟರು. ಅಂದ್ರೆ ಏನಪ್ಪಾ ಅಂದ್ರೆ, ಪೊಲೀಸಿನವನು ಬಂದು 'ಇದು ಯಾರು' ಅಂದ್ರೆ ಯಾರೂ ಅಲ್ಲ, ನಾವು ನೋಡಿದ್ರೆ ಎಲ್ಲರೂ!"

ಹೇಳುತ್ತ ಹೇಳುತ್ತ ಅವನ ದನಿ ನಡುಗಿತು. ದರ್ಜಿ ಕಿವಿಯಲ್ಲಿ ಕಿರುಬೆರಳು ಆಡಿಸುತ್ತಿದ್ದ.

"ಚೆನ್ನಾಗಿದೆ. ಕರೆಂಟು ಬಂತೇನೋ ನೋಡ್ತೀನಿ," ಎಂದು ಎದ್ದ.

ಹಾಲಿನಲ್ಲಿದ್ದ ಏಕೈಕ ಪ್ರೇಕ್ಷಕ ಎದ್ದು ಹೊರಡುತ್ತಿದ್ದಾನೆ! ಅಂದ್ರೇನಪ್ಪನ ಬಾಯಿ ಬುದ್ಧಿಯನ್ನು ಕೇಳದೆ ಓಡಿತು. "ನಿಲ್ಲಿ! ಈ ಕಿತ್ತಳೆ ಬೊಟ್ಟು ನೋಡಿ. ಪಕ್ಕದಲ್ಲಿ ಸಣ್ಣ ಗೆರೆ ಕಾಣುತ್ತಲ್ಲ? ಸೂಜಿ ಅದು. ಅಂದ್ರೆ ಏನಪ್ಪಾ ಅಂದ್ರೆ, ಇವನು ದರ್ಜಿ."

ದರ್ಜಿ ತಿರುಗಿದ. "ಯಾವ ದರ್ಜಿ?"

"ಸೇತುವೆ ಹತ್ತಿರ ಅಂಗಡಿ ಇಟ್ಟಿದ್ದ ದರ್ಜಿ."

"ಸೇತುವೆ ಹತ್ತಿರ..." ದರ್ಜಿಯ ಕಣ್ಣು ಅಗಲವಾಯಿತು. "ಅಯ್ಯೋ, ಅದು ನಮ್ಮ ತಾತ ಕಣ್ರೀ!"

ಅವನು ಚಿತ್ರದ ಹತ್ತಿರ ಹೋಗಿ, ಅಂಗಿಯ ಗುಂಡಿ ಹಾಕಿಕೊಂಡು, ದೇವರ ಮುಂದೆ ನಿಂತವನ ಹಾಗೆ ನಿಂತ. "ಮೂಗು ಥೇಟ್ ನಮ್ಮ ಮನೆತನದ್ದೇ," ಎಂದ. ಬೊಟ್ಟಿಗೆ ಮೂಗೇ ಇರಲಿಲ್ಲ. ಆದರೂ ಅಂದ್ರೇನಪ್ಪ ತಲೆ ಅಲ್ಲಾಡಿಸಿದ. ಒಳಗೆ ಯಾರೋ 'ಬೇಡವೋ' ಅಂದ ಹಾಗಾಯಿತು. ಅಷ್ಟರಲ್ಲಿ ದರ್ಜಿ ಬೀದಿಗೆ ಹಾರಿದ್ದ.

ಮಾತು ಬೀದಿಯಲ್ಲಿ ಹುಲ್ಲಿಗೆ ಬಿದ್ದ ಬೆಂಕಿಯಂತೆ ಹಬ್ಬಿತು. ಮೊದಲು ಬಂದವನು ಬೇಕರಿಯವನು, ಕೈಯ ಹಿಟ್ಟನ್ನೂ ಒರೆಸಿಕೊಳ್ಳದೆ.

"ದರ್ಜಿ ತಾತ ಇದಾನಂತೆ, ನಮ್ಮ ತಾತ ಇಲ್ವಾ? ಅವತ್ತು ದಿಮ್ಮಿ ಮುರಿದೋರಿಗೆಲ್ಲ ಬ್ರೆಡ್ಡು ಹಂಚಿದ್ದೇ ನಮ್ಮ ತಾತ!"

ಅಂದ್ರೇನಪ್ಪ ಒಂದು ಕ್ಷಣ ಬಾಗಿಲ ಕಡೆ ನೋಡಿದ. ಬಾಗಿಲಲ್ಲಿ ಇನ್ನೂ ಇಬ್ಬರು ಬರುತ್ತಿದ್ದರು. ಜನ! ನಿಜವಾದ, ಉಸಿರಾಡುವ ಜನ! "ಹಳದಿ ಬೊಟ್ಟು," ಎಂದ. "ಉಬ್ಬಿದೆ ನೋಡಿ."

ಬೇಕರಿಯವನು ಅದನ್ನು ನೋಡಿ ಮೂಗೊರೆಸಿಕೊಂಡ.

ಕೆಂಪು ಬೊಟ್ಟಿಗೆ ಇಬ್ಬರು ಬಂದರು. ಕ್ಷೌರದ ಅಂಗಡಿಯವನೂ ಬೀಗ ರಿಪೇರಿಯವನೂ ಅಕ್ಕಪಕ್ಕದ ಮನೆಯವರು. ಮೋರಿಯ ನೀರು ಯಾರ ಕಡೆ ಹರಿಯಬೇಕೆಂಬ ವಿಷಯಕ್ಕೆ ಮಾತು ಬಿಟ್ಟು ಕಾಲವಾಗಿತ್ತು. "ಕೆಂಪು ನಮ್ಮ ತಾತ," ಎಂದ ಒಬ್ಬ. "ಬೀಗ ಮುರಿಯದೆ ದಿಮ್ಮಿ ಏಳುತ್ತಾ? ನಮ್ಮ ತಾತ," ಎಂದ ಇನ್ನೊಬ್ಬ. ಕೈ ಕೈ ಮಿಲಾಯಿಸುವ ಹಂತಕ್ಕೆ ಬಂತು.

"ಸಮಾಧಾನ, ಸಮಾಧಾನ! ಕೆಂಪು ಎರಡು ಪದರ ಇದೆ. ಒಂದು ಹಸಿ ಇರುವಾಗಲೇ ಇನ್ನೊಂದು ಹರಿದು ಸೇರಿದೆ. ಅಂದ್ರೆ ಏನಪ್ಪಾ ಅಂದ್ರೆ, ಇಬ್ಬರು ತಾತಂದಿರೂ ಒಬ್ಬರನ್ನೊಬ್ಬರು ಅಪ್ಪಿಕೊಂಡಿದ್ದಾರೆ."

 ಕ್ಷೌರದವನು ಬೀಗದವನನ್ನು ನೋಡಿದ. ಬೀಗದವನು ಕ್ಷೌರದವನನ್ನು ನೋಡಿದ. ಮರುಗಳಿಗೆ ಇಬ್ಬರೂ ಎಲ್ಲರೆದುರೇ ತಬ್ಬಿಕೊಂಡರು. ದರ್ಜಿ ಚಪ್ಪಾಳೆ ತಟ್ಟಿದ. ತಬ್ಬುಗೆ ಬಿಡುವ ಮುಂಚೆಯೇ ಬೀಗದವನು ಕೇಳಿದ, "ಮೇಲಿನ ಪದರ ಯಾರ ತಾತ?"

ಕಾವಲುಗಾರನಿಗೆ ತೂಕಡಿಕೆ ಹಾರಿಹೋಯಿತು. ಹೀಗೆ ಜನ ನುಗ್ಗಿದ್ದನ್ನು ಅವನು ಕಂಡಿದ್ದೇ ಇಲ್ಲ. ಸಾಲು ಮಾಡಿಸಲು ತನ್ನ ಸ್ಟೂಲನ್ನೇ ಅಡ್ಡ ಇಟ್ಟ. ಸಾಲು ಬೀದಿಗೆ ಇಳಿಯಿತು. ಹಸಿರು ಬೊಟ್ಟು ತರಕಾರಿಯವನ ತಾತನಾಯಿತು. ಹಸಿರು ಹಳದಿಗೆ ತಾಗಿದ ಕಡೆ ಹುಟ್ಟಿದ ಬಣ್ಣ ಶಾಲೆಯ ಡ್ರಿಲ್ ಮೇಷ್ಟರ ಮುತ್ತಾತನ ಪಾಲಾಯಿತು. ತೇವ ಹಿಡಿದು ಎದ್ದ ಒಂದು ಕಲೆಗೂ ವಾರಸುದಾರ ಸಿಕ್ಕಿದ. ಊರಿನಲ್ಲಿ ಬಗ್ಗಿ ನಡೆಯುತ್ತಿದ್ದವರೂ ಅವತ್ತು ಎದೆ ಸೆಟೆಸಿ ಓಡಾಡತೊಡಗಿದರು.

ಕಡೆಗೆ ವಕೀಲರು ಬಂದಾಗ ಬಣ್ಣದ ಬೊಟ್ಟೆಲ್ಲ ಖಾಲಿಯಾಗಿತ್ತು.

"ನಮ್ಮ ತಾತನವರನ್ನ ಕೈಬಿಟ್ಟದ್ದಕ್ಕೆ ಸಕಾರಣ ಕೊಡಿ. ಇಲ್ಲಾಂದ್ರೆ ನೋಟೀಸು ಬರುತ್ತೆ."

ಅಂದ್ರೇನಪ್ಪ ಚಿತ್ರದ ಕಡೆ ತಿರುಗಿದ. ಹಾಳೆಯ ಮೇಲೆ ಕಣ್ಣಾಡಿಸಿದ. "ನಿಮ್ಮ ತಾತನವರು... ವಕೀಲರೇ?"

"ಹುಟ್ಟಾ ವಕೀಲರು."

"ಹಾಗಾದ್ರೆ ಈ ಬಿಳಿ ಜಾಗ ನೋಡಿ ಸಾರ್. ಉಳಿದವರೆಲ್ಲ ಕೈಯಲ್ಲಿ ಕೆಲಸ ಮಾಡಿದ್ರು, ಅವರಿಗೆ ಬಣ್ಣ. ನಿಮ್ಮ ತಾತ ಮಾತಾಡಿದ್ರು. ಮಾತಿಗೆ ಬಣ್ಣ ಎಲ್ಲಿಂದ ತರೋದು? ಅದಕ್ಕೇ ಕಾಗದವನ್ನೇ ಬಿಟ್ಟಿದ್ದಾರೆ."

ವಕೀಲರು ಬಿಳಿಯನ್ನು ಅಳೆಯುವಂತೆ ನೋಡಿದರು. ಎಲ್ಲರ ತಾತಂದಿರಿಗಿಂತ ತಮ್ಮ ತಾತನ ಜಾಗವೇ ದೊಡ್ಡದು. "ಸಮಂಜಸವಾಗಿದೆ," ಎಂದು ನೋಟೀಸು ಹಿಂತೆಗೆದುಕೊಂಡರು.

ಆಗಲೇ ಅವನ ಹೆಂಡತಿ ಊಟದ ಡಬ್ಬಿ ಹಿಡಿದು ಬಂದಳು. ಜನರ ನಡುವೆ ಮೊಣಕೈ ಹಾಕಿಕೊಂಡು ಮುಂದೆ ನುಗ್ಗಿದಳು. "ರೀ, ಬೀದಿಯಲ್ಲೆಲ್ಲ ಇದೇ ಮಾತು. ಎಲ್ಲರ ತಾತಂದಿರನ್ನೂ ತೋರಿಸ್ತಿದ್ದೀರಂತೆ. ನಮ್ಮ ತಾತ ಎಲ್ಲಿ?"

 ಬೊಟ್ಟೂ ಮುಗಿದಿತ್ತು, ಬಿಳಿಯೂ ಮುಗಿದಿತ್ತು. "ನಿಮ್ಮ ತಾತ... ಅಂದ್ರೆ ಏನಪ್ಪಾ ಅಂದ್ರೆ... ಚೌಕಟ್ಟಿನ ಹಿಂದೆ ಇದಾರೆ ಅನ್ಸುತ್ತೆ."

"ಚೌಕಟ್ಟಿನ ಹಿಂದೆ?"

"ಮರೆಯಲ್ಲಿ ನಿಂತು ಬೆಂಬಲ ಕೊಡ್ತಿದ್ರು."

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಹೆಂಡತಿಯ ಮುಖ ಕುಲುಮೆಯಂತಾಯಿತು. "ಊರಿನವರ ತಾತಂದಿರೆಲ್ಲ ಮುಂದೆ, ಹೆಣ್ಣು ಕೊಟ್ಟ ಮನೆಯವರ ತಾತ ಗೋಡೆಗೆ ಮುಖ ಮಾಡ್ಕೊಂಡು ನಿಂತಿದಾರಾ? ಇರಿ, ಬರೆದವರನ್ನೇ ಕೇಳ್ಕೊಂಡು ಬರ್ತೀನಿ!" ಡಬ್ಬಿಯನ್ನು ಕಾವಲುಗಾರನ ಸ್ಟೂಲಿನ ಮೇಲೆ ಕುಕ್ಕಿ, ಬಿರಬಿರನೆ ಹೊರಟುಹೋದಳು.

ಅವಳು ಹೋದದ್ದೇ ಅವನಿಗೆ ಉಸಿರು ಬಂತು. ಹಾಗೆ ಅವಳನ್ನು ಹೋಗಲು ಬಿಟ್ಟದ್ದು ಅವನ ಇನ್ನೊಂದು ತಪ್ಪು. ಅವಳು ಅಲ್ಲೇ ಇದ್ದಿದ್ದರೆ ಮುಂದಿನದನ್ನು ಕಣ್ಣಲ್ಲೇ ತಡೆಯುತ್ತಿದ್ದಳು.

"ಅದೆಲ್ಲ ಸರಿ," ಎಂದ ದರ್ಜಿ, ಈಗ ಸಭೆಯ ಯಜಮಾನನ ದನಿಯಲ್ಲಿ. "ಮೂಲೆಯಲ್ಲಿರೋ ಆ ಕಪ್ಪು ಮಚ್ಚೆ ಯಾರು?"

ಗುಂಪಿನ ಕಣ್ಣೆಲ್ಲ ಮೂಲೆಗೆ ತಿರುಗಿತು. ಇಷ್ಟೊಂದು ವೀರರಿದ್ದ ಮೇಲೆ ಒಬ್ಬ ದುಷ್ಟ ಬೇಡವೇ? ಬೆಳಗಿನಿಂದ ಮಾತಾಡಿ ಮಾತಾಡಿ ಅಂದ್ರೇನಪ್ಪನಿಗೆ ಅಮಲು ನೆತ್ತಿಗೇರಿತ್ತು. "ಅವನಾ? ಅವನೇ ಸುಂಕದವನು! ಜನ ಬಂದ ಸದ್ದು ಕೇಳಿದ್ದೇ ತಡ, ಮಂಚದ ಕೆಳಗೆ ನುಗ್ಗಿದಾನೆ. ನೋಡಿ, ಹೊಟ್ಟೆ ಒಳಗೆ, ಬೆನ್ನು ಹೊರಗೆ."

ಗುಂಪು ಬಿದ್ದು ಬಿದ್ದು ನಕ್ಕಿತು. ದರ್ಜಿಯಂತೂ ಬೆಂಚಿನ ಕೆಳಗೆ ತಲೆ ತೂರಿಸಿ, ಹಿಂಭಾಗ ಅಲ್ಲಾಡಿಸಿ ಸುಂಕದವನ ಪಾತ್ರವನ್ನೇ ಕಟ್ಟಿದ. ಅವರ ನಗೆಯಲ್ಲಿ ಏನೋ ಹೆಚ್ಚಿನ ರುಚಿ ಇದ್ದಂತೆ ಅಂದ್ರೇನಪ್ಪನಿಗೆ ಅನಿಸಿತು. ಯಾಕೆಂದು ತಿಳಿಯುವ ಹೊತ್ತಿಗೆ ನಗೆ ಬಾಗಿಲ ಕಡೆಯಿಂದ ಒಂದೊಂದೇ ಬಾಯಿಯಲ್ಲಿ ಆರುತ್ತ ಬಂತು. ಬಾಗಿಲಲ್ಲಿ ಅಧ್ಯಕ್ಷರು ನಿಂತಿದ್ದರು.

ಕಾವಲುಗಾರ ಓಡಿಬಂದು ಅವನ ಕಿವಿಯಲ್ಲಿ ಉಸುರಿದ. "ಕೆಟ್ಟಿರಿ. ಆ ಸುಂಕದವನು ಯಾರು ಗೊತ್ತಾ? ಇವರ ತಾತ!"

ಅಳಿಯನಾಗಿ ಬಂದವನಿಗೆ ಪುಸ್ತಕ ಅದನ್ನು ಹೇಳಿರಲಿಲ್ಲ. ಊರಿಗೆಲ್ಲ ಗೊತ್ತಿತ್ತು, ಅಧ್ಯಕ್ಷರ ಮುಖ ನೋಡಿ ಯಾರೂ ಆಡುತ್ತಿರಲಿಲ್ಲ, ಅಷ್ಟೆ.

"ಏನ್ರೀ, ನಗು ಬೀದಿ ತುದಿಗೆ ಕೇಳಿಸ್ತು," ಎಂದರು ಅಧ್ಯಕ್ಷರು. ದನಿ ತಣ್ಣಗಿತ್ತು. "ಆ ಕಪ್ಪು ಏನು ಅಂತ ನಮಗೂ ಹೇಳಿ."

"ಮೋಡ ಸಾರ್."

"ಸುಂಕದವನು ಅಂದ್ರಲ್ಲ?" ಎಂದ ದರ್ಜಿ, ಬೆಂಚಿನ ಕೆಳಗಿನಿಂದ ತಲೆ ಹೊರಗೆ ಹಾಕಿ. ಅವನಿಗೆ ಬಾಗಿಲು ಕಾಣುತ್ತಿರಲಿಲ್ಲ. ಕಂಡ ಮೇಲೆ ತಲೆಯನ್ನು ಮತ್ತೆ ಒಳಗೆ ಎಳೆದುಕೊಂಡ.

"ಸುಂಕದವರೇ ಸಾರ್," ಎಂದ ಅಂದ್ರೇನಪ್ಪ. "ಆದರೆ ಅಡಗಿಲ್ಲ. ಅಂದ್ರೆ ಏನಪ್ಪಾ ಅಂದ್ರೆ, ಮಂಚದ ಕೆಳಗೆ ಬೀಗದ ಕೈ ಹುಡುಕ್ತಿದ್ದಾರೆ. ಪಾಪ ಜನ ಕಾಯ್ತಿದ್ದಾರೆ, ನಾನೇ ಹೋಗಿ ತೆಗೀತೀನಿ ಅಂತ."

ಅಧ್ಯಕ್ಷರ ಹುಬ್ಬು ಸ್ವಲ್ಪ ಸಡಿಲವಾಯಿತು. ಆದರೆ ಬೀಗದವನು ಮುಂದೆ ಬಂದ. "ಅವರೇ ತೆಗೆಯೋರಿದ್ರೆ ನಮ್ಮ ತಾತ ಬೀಗ ಮುರಿದದ್ದು ಯಾಕೆ? ನಮ್ಮ ತಾತ ಏನು ದಡ್ಡನಾ?"

"ನಮ್ಮ ತಾತ ಸುಮ್ಮನೆ ಬ್ರೆಡ್ಡು ದಂಡ ಮಾಡಿದ್ರಾ?" ಎಂದ ಬೇಕರಿಯವನು.

"ನನ್ನ ಕಕ್ಷಿದಾರರ... ಅಲ್ಲ, ನನ್ನ ತಾತನವರ ಮಾನದ ಪ್ರಶ್ನೆ," ಎಂದರು ವಕೀಲರು.

ಅಂದ್ರೇನಪ್ಪ ಆ ಕಡೆಗೊಂದು ಅರ್ಥ, ಈ ಕಡೆಗೊಂದು ಅರ್ಥ ಹೇಳಿ, ಎರಡು ದೋಣಿಯಲ್ಲಿ ಕಾಲಿಟ್ಟವನಂತೆ ಅಗಲವಾಗುತ್ತ ಹೋದ. ಒಬ್ಬ ತಾತನನ್ನು ಎತ್ತಿದರೆ ಇನ್ನೊಬ್ಬ ತಾತ ಬೀಳುತ್ತಿದ್ದ. ಕೊನೆಗೆ ಅಧ್ಯಕ್ಷರು ಕೈಯೆತ್ತಿದರು.

"ಸಾಕು! ಚಿತ್ರಶಾಲೆ ಇರೋದು ಊರನ್ನ ಒಡೆಯೋಕಲ್ಲ. ನಾಳೆಯೇ ಪೈಪು ಇಳಿಸಿ. ಪೈಪು ಯಾರ ತಾತನ ಸುದ್ದಿಗೂ ಹೋಗಲ್ಲ."

 ಅದೇ ಹೊತ್ತಿಗೆ ಹೊರಗೆ ಆಟೋ ನಿಂತ ಸದ್ದು. "ದಾರಿ ಬಿಡಿ, ದಾರಿ ಬಿಡಿ," ಎನ್ನುತ್ತ ಒಳಗೆ ಬಂದವಳು ಅವನ ಹೆಂಡತಿ. ಅವಳ ತೋಳು ಹಿಡಿದು, ಊರುಗೋಲು ಊರಿಕೊಂಡು ಬಂದವರು ಬಣ್ಣದಮ್ಮ.

"ಬಾಗಿಲು ಹಾಕ್ಕೊಳ್ಳೋಕೆ ಹೋದ್ರು, ಕಾಲು ಅಡ್ಡ ಇಟ್ಟೆ," ಎಂದು ಹೆಂಡತಿ ಗಂಡನಿಗೆ ವರದಿ ಒಪ್ಪಿಸಿದಳು. "ದಾರಿಯುದ್ದಕ್ಕೂ ನೀವು ಹೇಳಿದ್ದನ್ನೆಲ್ಲ ಹೇಳಿದ್ದೀನಿ. ಈಗ ನಮ್ಮ ತಾತನ ವಿಷಯ ಇತ್ಯರ್ಥ ಆಗಲಿ."

ಮುದುಕಿ ಚಿತ್ರದ ಮುಂದೆ ನಿಂತರು. ಬಹಳ ಹೊತ್ತು ನೋಡಿದರು, ಮದುವೆಯಾಗಿ ದೂರ ಹೋದ ಮಗಳನ್ನು ನೋಡುವ ಹಾಗೆ. ಆಮೇಲೆ ಊರುಗೋಲನ್ನು ಅಂದ್ರೇನಪ್ಪನ ಎದೆಗೆ ತೋರಿಸಿದರು.

"ಇವನು ಹೇಳಿದ್ದರಲ್ಲಿ ಅರ್ಧ ನಿಜ. ಆಗ ಆಕಾರ ಬರೆದಿದ್ರೆ ನನ್ನ ಎಳ್ಕೊಂಡು ಹೋಗ್ತಿದ್ರು. ಅದಕ್ಕೇ ಕಾಗದ ನೆನೆಸಿ ಬಣ್ಣ ಹರಿಯೋಕೆ ಬಿಟ್ಟೆ. ಮನೆಗೆ ಬಂದು ನೋಡಿದ ಅಧಿಕಾರಿ ಇದನ್ನ ಹೂವಿನ ತೋಟ ಅಂತ ಹೊಗಳಿ ಹೋದ. ಇಷ್ಟು ವರ್ಷದಲ್ಲಿ ಅದನ್ನ ಕಂಡುಹಿಡಿದವನು ಇವನೊಬ್ಬನೇ."

ಅಂದ್ರೇನಪ್ಪನ ಎದೆ ಅಂಗಿಯ ಗುಂಡಿಗೆ ಅಪಾಯವಾಗುವಷ್ಟು ಉಬ್ಬಿತು. ಪೈಪು, ಅಧ್ಯಕ್ಷರು, ಕಾಯಂ ಎಲ್ಲ ಮರೆತು ಹೆಂಡತಿಯ ಕಡೆ ನೋಡಿದ. ಅವಳೂ, ಕೋಪದಲ್ಲೇ, ಸ್ವಲ್ಪ ಉಬ್ಬಿದ್ದಳು.

"ಮಿಕ್ಕ ಅರ್ಧ ಬರೀ ಬೊಗಳೆ," ಎಂದರು ಬಣ್ಣದಮ್ಮ. "ತಾತಂದಿರು ಅಂತೆ! ಯಾವ ತಾತಂದಿರು? ಇದರಲ್ಲಿ ಒಬ್ಬ ಗಂಡಸೂ ಇಲ್ಲ."

ಎಲ್ಲರೂ ಬೊಟ್ಟುಗಳ ಕಡೆ ಒಮ್ಮೆ, ಮುದುಕಿಯ ಕಡೆ ಒಮ್ಮೆ ನೋಡಿದರು.

"ಅವತ್ತು ಗಂಡಸರೆಲ್ಲ ಒಂದು ಕಡೆ ಕೂತು ದೊರೆಗೆ ಅರ್ಜಿ ಬರೀತಿದ್ರು. ಮೊದಲ ಸಾಲಲ್ಲಿ ಮಾನ್ಯರೇ ಅನ್ನಬೇಕೋ, ಮಹಾಸ್ವಾಮಿ ಅನ್ನಬೇಕೋ ಅಂತ ಬೆಳಿಗ್ಗೆಯಿಂದ ಜಗಳ. ನೀರು ತರೋಕೆ ಹೋದ ಹೆಂಗಸರು ಕಾದು ಕಾದು ಬೇಸತ್ತು, ಕೊಡ ಕೆಳಗಿಟ್ಟು, ಎಲ್ಲಾ ಸೇರಿ ದಿಮ್ಮಿ ಮುರಿದ್ರು. ಮುರಿದು ಅಲ್ಲೇ ಬಿಟ್ಟು ಬರಲಿಲ್ಲ. ಸೌದೆ ಮಾಡ್ಕೊಂಡು ಮನೆಗೆ ಹೊತ್ತುಕೊಂಡು ಬಂದ್ರು. ಅದೇ ಸೌದೆ ಉರಿಯಲ್ಲಿ ಬೆಂದದ್ದನ್ನ ಉಂಡು, ಕೈ ತೊಳ್ಕೊಂಡು ಬಂದ ಗಂಡಸರು ನಾವೇ ಮುರಿದ್ವಿ ಅಂತ ಹೇಳ್ಕೊಂಡ್ರು. ದಿಮ್ಮಿಯ ಒಂದು ತುದಿ ಹೊತ್ತವಳು ನಮ್ಮಜ್ಜಿ. ಅವಳ ಬಾಯಲ್ಲೇ ಕೇಳಿದ್ದು."

"ಹಾಗಾದ್ರೆ ಆ ಸೂಜಿ?" ದರ್ಜಿ ಕ್ಷೀಣವಾಗಿ ಕೇಳಿದ.

"ಕುಂಚದ ಕೂದಲು ಉದುರಿ ಅಂಟ್ಕೊಂಡಿದೆ."

ದರ್ಜಿಯ ಮುಖ ನೋಡಲಾಗುತ್ತಿರಲಿಲ್ಲ.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ಅಮ್ಮಾ, ಆ ಕಪ್ಪು..."

"ಅವಳು ಸುಂಕದವನ ಹೆಂಡತಿ. ಕಪ್ಪು ಶಾಲು ಹೊದೀತಿದ್ಲಂತೆ. ಗಂಡ ಎಂಥ ಪ್ರಾಮಾಣಿಕ ಅಂದ್ರೆ, ಹೆಂಡತಿ ಕೊಡಕ್ಕೂ ಸುಂಕ ಹಾಕಿದ್ದ. ಮೊದಲ ಏಟು ಅವಳದೇ."

ಅಧ್ಯಕ್ಷರು ಕಪ್ಪು ಮಚ್ಚೆಯ ಹತ್ತಿರಕ್ಕೆ ಹೋದರು. ಬೆನ್ನು ನಿಧಾನವಾಗಿ ನೆಟ್ಟಗಾಯಿತು. ಹುಟ್ಟಿದಾಗಿನಿಂದ ಹೊತ್ತಿದ್ದ ಒಂದು ಮೂಟೆಯನ್ನು ಯಾರೋ ಇಳಿಸಿಕೊಂಡಂತಿತ್ತು. "ನಮ್ಮಜ್ಜಿ," ಎಂದರು, ಮೊದಲು ಮೆಲ್ಲಗೆ. ಆಮೇಲೆ ಇಡೀ ಹಾಲಿಗೆ ಕೇಳುವಂತೆ, "ಮೊದಲ ಏಟು ನಮ್ಮಜ್ಜಿದು ಕಣ್ರಪ್ಪಾ!"

ಅಷ್ಟೇ ಸಾಕಾಯಿತು. ಬೇಕರಿಯವನ ಹೆಂಡತಿ ಗಂಡನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದಳು. ತರಕಾರಿಯವನ ತಾಯಿ ಬಂದರು. ಬೀಗದವನ ಅತ್ತೆಯೂ ಕ್ಷೌರದವನ ಅಕ್ಕನೂ ಒಟ್ಟಿಗೆ ಬಂದು ಕೆಂಪನ್ನು ಹಂಚಿಕೊಂಡರು. ಮೇಲಿನ ಪದರ ಯಾರೆಂದು ಅವರು ಕೇಳಲೂ ಇಲ್ಲ. ಸುದ್ದಿ ಹೊರಗೆ ಹೋದಂತೆ ಹೆಂಗಸರು ಮನೆಮನೆಯಿಂದ ಇಳಿದು ಬಂದರು. "ಅಜ್ಜಿ ಹಳೇ ಸೇತುವೆ ಕಡೆ ನೋಡಿದಾಗೆಲ್ಲ ನಗ್ತಿದ್ಲು, ಯಾಕೆ ಅಂತ ಈಗ ಗೊತ್ತಾಯ್ತು!" ಎಂದಳು ಒಬ್ಬಳು. ಗಂಡಸರು ಇಂಗು ತಿಂದ ಮಂಗನಂತೆ ಗೋಡೆಗೆ ಒರಗಿ ನಿಂತಿದ್ದವರು, ನೋಡನೋಡುತ್ತಲೇ ಚೇತರಿಸಿಕೊಂಡು, "ನಾನು ಯಾರ ಮೊಮ್ಮಗ ಗೊತ್ತೇನು?" ಎಂದು ಶುರುಮಾಡಿದರು. ದರ್ಜಿಯೂ ಎದ್ದ. "ಕಿತ್ತಳೆ ನಮ್ಮಜ್ಜಿ ಅಂತ ನಂಗೆ ಬೆಳಿಗ್ಗೆಯೇ ಅನುಮಾನ ಇತ್ತು," ಎಂದ.

ಅಂದ್ರೇನಪ್ಪ ಮೆಲ್ಲಗೆ ಬಣ್ಣದಮ್ಮನ ಬಳಿ ಹೋದ. "ಅಮ್ಮಾ, ಅವತ್ತೇ ಇದನ್ನ ನಂಗೆ ಹೇಳಿದ್ರೆ ಆಗ್ತಿತ್ತಲ್ಲ."

"ಅವತ್ತು ನೀನು ಪ್ರಶ್ನೆ ಕೇಳಿದೆ, ಪ್ರಶ್ನೆಗೆ ನಾನು ಬಾಗಿಲು ತೆಗೆಯೋಳಲ್ಲ. ಇವತ್ತು ಇಷ್ಟು ಚೆನ್ನಾಗಿ ತಪ್ಪು ಹೇಳಿದೀಯ, ತಡ್ಕೊಳ್ಳೋಕೆ ಆಗ್ಲಿಲ್ಲ," ಎಂದರು ಮುದುಕಿ.

ಅಧ್ಯಕ್ಷರು ಬೆಂಚಿನ ಮೇಲೆ ಹತ್ತಿ ನಿಂತರು. "ಬಂಧುಗಳೇ! ಚಿತ್ರಶಾಲೆ ಎಲ್ಲಿಗೂ ಹೋಗಲ್ಲ. ಪೈಪನ್ನ ಪುರಸಭೆ ಅಂಗಳದಲ್ಲಿ ಇಟ್ಕೋತೀವಿ!"

ಚಪ್ಪಾಳೆ ಮೊಳಗಿತು. ಎಲ್ಲರಿಗಿಂತ ಜೋರು ಅಂದ್ರೇನಪ್ಪನದು.

"ಈ ಚಿತ್ರಕ್ಕೆ ಅರ್ಥ ಕೊಟ್ಟ ನಮ್ಮ ವಿವರಣೆಗಾರರನ್ನ ಊರು ಮರೆಯಬಾರದು!"

ಚಪ್ಪಾಳೆ. ಹೆಂಡತಿ ಬೀದಿಯವರನ್ನೆಲ್ಲ ಒಮ್ಮೆ ಸುತ್ತ ನೋಡಿದಳು, ನಾನು ಹೇಳಿರಲಿಲ್ಲವೇ ಎನ್ನುವಂತೆ.

"ಇನ್ನು ಅವರ ಕೆಲಸದ ವಿಷಯ. ಅದನ್ನ ಕಾಯಂ ಮಾಡೋಣ ಅಂತಲೇ ಬಂದಿದ್ದೆ. ಆದರೆ ಇಲ್ಲಿ ನೋಡಿ! ಯಾರ ಬಾಯಲ್ಲಿ ಕೇಳಿದ್ರೂ ವಿವರಣೆ. ಮಕ್ಕಳು ಮರಿಗೂ ಅರ್ಥ ಗೊತ್ತು. ಊರಿಗೆ ಊರೇ ವಿವರಣೆಗಾರ ಆಗಿರುವಾಗ, ಸಂಬಳ ಕೊಟ್ಟು ಹೊರಗಿನಿಂದ ಬಂದ ಒಬ್ಬರನ್ನ ನಿಲ್ಲಿಸಿದ್ರೆ ನಮ್ಮಜ್ಜಿಯರಿಗೆ ಅವಮಾನ ಅಲ್ವೇ? ಇವತ್ತಿನಿಂದ ಆ ಹುದ್ದೆ ರದ್ದು. ಈ ಹೆಮ್ಮೆ ನಮ್ಮೆಲ್ಲರದು!"

ಚಪ್ಪಾಳೆಗೆ ಸೂರು ಹಾರುವಂತಾಯಿತು. ಅಂದ್ರೇನಪ್ಪನೂ ಜೋರಾಗಿ ತಟ್ಟುತ್ತಿದ್ದ. ಕೇಳಿದ ಮಾತು ಕಿವಿಯಿಂದ ತಲೆಗೆ ಇಳಿಯುವ ಹೊತ್ತಿಗೆ ಕೈಗಳು ಗಾಳಿಯಲ್ಲೇ ನಿಂತವು. ಪಕ್ಕದಲ್ಲಿದ್ದ ಬೇಕರಿಯವನು ಅವನ ಭುಜ ತಟ್ಟಿ, "ಎಂಥ ಮಾತು ಹೇಳಿದ್ರು ಅಲ್ವಾ?" ಎಂದು ಕಣ್ಣೊರೆಸಿಕೊಂಡ.

ಕಾವಲುಗಾರ ಬಂದು, ಅಂದ್ರೇನಪ್ಪನ ಅಂಗಿಯ ಮೇಲಿದ್ದ ಚಿತ್ರಶಾಲೆಯ ಬಿಲ್ಲೆಯನ್ನು ಸಂಕೋಚದಿಂದ ಬಿಚ್ಚಿಕೊಂಡ. ಅಂದ್ರೇನಪ್ಪ ಹೆಂಡತಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಮಾತು ಜೋಡಿಸುತ್ತ ಅವಳನ್ನು ಹುಡುಕಿದ. ಅವಳು ಚಿತ್ರದ ಎದುರಿಗೇ ಇದ್ದಳು. ಸುತ್ತ, ಪೇಟೆಗೆ ಬಂದಿದ್ದ ಪಕ್ಕದೂರಿನ ಹೆಂಗಸರ ಗುಂಪು. ಅವಳು ಬೆರಳೆತ್ತಿ ಹೇಳುತ್ತಿದ್ದಳು.

"...ಇಲ್ಲಿ ಬೂದು ಬಣ್ಣ ಇದೆಯಲ್ಲ, ಅದು ಧೂಳು. ಅಷ್ಟೊಂದು ಧೂಳು ಎದ್ದದ್ದು ಯಾರ ಓಟಕ್ಕೆ? ನಮ್ಮಜ್ಜಿ ಓಟಕ್ಕೆ!"

ಅಂದ್ರೇನಪ್ಪ ಗುಂಪಿನ ನಡುವೆ ತಲೆ ತೂರಿಸಿದ. "ಏ, ಸ್ವಲ್ಪ ಕೇಳು..."

"ರೀ, ಅಡ್ಡ ಬರಬೇಡಿ, ಹಿಂದಿನವರಿಗೆ ಕಾಣಲ್ಲ," ಎಂದಳು ಅವಳು, ಅವನ ಕಡೆ ತಿರುಗದೆ. "ಕೇಳೋದಿದ್ರೆ ಸುಮ್ಮನೆ ನಿಂತು ಕೇಳಿ."

ಅವನು ಹಿಂದೆ ಸರಿದು ಸುಮ್ಮನೆ ನಿಂತ. ಬೂದು ಎಂದರೆ ಧೂಳಲ್ಲ. ಚಿತ್ರ ಬರೆದ ವರ್ಷ ಬಣ್ಣ ಸಿಗದೆ ಮಸಿಗೆ ನೀರು ಬೆರೆಸಿ ಬಳಿದದ್ದು. ಅವನಿಗೆ ಅದು ಚೆನ್ನಾಗಿ ಗೊತ್ತಿತ್ತು.  ಹೆಂಡತಿ ಪದ ಬಿಡಿಸಿ, ಸಂದರ್ಭ ಹೇಳಿ, ದನಿ ಏರಿಸಿ, ಇಳಿಸಿ, ಅಜ್ಜಿಯನ್ನು ಸೇತುವೆಯ ಆಚೆಗೆ ದಾಟಿಸುತ್ತಿದ್ದಳು. ಪಕ್ಕದೂರಿನ ಹೆಂಗಸೊಬ್ಬಳು ಸೆರಗಿನಿಂದ ಕಣ್ಣೊತ್ತಿಕೊಂಡಳು.

"ಯಾರು ಈಕೆ? ಏನು ಚೆನ್ನಾಗಿ ಹೇಳ್ತಾಳಪ್ಪಾ!" ಎಂದಳು ಅವಳು, ಪಕ್ಕದಲ್ಲಿ ನಿಂತಿದ್ದವನಿಗೆ.

"ನನ್ನ ಹೆಂಡತಿ," ಎಂದ ಅಂದ್ರೇನಪ್ಪ, ಬಿಲ್ಲೆಯಿಲ್ಲದ ಎದೆಯನ್ನು ಮುಂದೆ ಮಾಡಿ. "ಹೇಳ್ತಿರೋದು ಪೂರಾ ತಪ್ಪು."